ಗಾಣಿಗನಿಗೇಕೆ ಶಾಸನಸಭೆ?

ಕಳೆದ ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ನಮ್ಮ ಭಾಗದ ಒಂದು ಮಠದವರು ಉಪನ್ಯಾಸದ ಬದಲು ಸಾಕ್ಷ್ಯಚಿತ್ರವೊಂದನ್ನು ತೋರಿಸಿದರು. ಲೋಕಮಾನ್ಯ ಬಾಲ ಗಂಗಾಧರ ತಿಲಕರ ಜೀವನ ಕುರಿತ ಚಿತ್ರ. ದಾಸೋಹ ಭವನದ ಗೋಡೆಗೆ ಬಿಳಿ ಪರದೆ ಕಟ್ಟಿದ್ದರು. ಪ್ರಸಾದ ನಿಲಯದ ಹುಡುಗರು ಮುಂದೆ, ಊರ ಭಕ್ತರು ಹಿಂದೆ. ಒಂದು ತಾಸು ಯಾರೂ ಅಲುಗಾಡಲಿಲ್ಲ. ಮಂಡಾಲೆಯ ಸೆರೆಮನೆಯ ದೃಶ್ಯ ಬಂದಾಗ ನನ್ನ ಕಣ್ಣೂ ತೇವವಾಯಿತು.

ಚಿತ್ರದಲ್ಲಿ ಒಂದು ಮಾತನ್ನು ಎರಡು ಸಲ ಹೆಮ್ಮೆಯಿಂದ ಹೇಳಿದರು. ತಿಲಕರು ‘ತೇಲಿ-ತಾಂಬೋಲಿಗಳ ನಾಯಕ’ರಾಗಿದ್ದರಂತೆ. ಎಂದರೆ ಗಾಣಿಗರ, ಎಲೆ-ತಂಬಾಕು ಮಾರುವವರ ಮುಂದಾಳು. ವಿರೋಧಿಗಳು ಹಂಗಿಸಲು ಕೊಟ್ಟ ಹೆಸರನ್ನು ಅಭಿಮಾನಿಗಳು ಬಿರುದಾಗಿ ಹೊತ್ತು ಮೆರೆಸಿದರು. ಹುಡುಗರು ಚಪ್ಪಾಳೆ ತಟ್ಟಿದರು. ನನ್ನ ಪಕ್ಕದಲ್ಲಿ ಕುಳಿತಿದ್ದ ಗಾಣಿಗ ಮನೆತನದ ಹಿರಿಯರೊಬ್ಬರು ಮಾತ್ರ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು: “ಸರ, ತೇಲಿ ಅಂದ್ರ ನಾವಽ ಅಲ್ಲೇನ್ರಿ? ಅವರು ನಮ್ಮ ನಾಯಕರು ಅಂತ ನಾವು ಯಾವಾಗ ಕೂಡಿ ಆರಿಸಿದ್ವಿ?”

ಚಿತ್ರ ಮುಗಿದ ಮೇಲೆ ಪ್ರಶ್ನೆಗಳಿಗೆ ಅವಕಾಶ ಕೊಟ್ಟರು. ನಾನು ಎದ್ದುನಿಂತು ಒಂದೇ ಪ್ರಶ್ನೆ ಕೇಳಿದೆ: “ಇದರಲ್ಲಿ ಸೋಲಾಪುರದ ಭಾಷಣ ಎಲ್ಲಿದೆ?” ಗೋಷ್ಠಿ ನಡೆಸಿಕೊಡುತ್ತಿದ್ದವರ ಮುಖ ಬಾಡಿತು. “ಸ್ವಾತಂತ್ರ್ಯಕ್ಕಾಗಿ ಸೆರೆಮನೆ ಕಂಡವರ ವಿಷಯದಲ್ಲಿ ಹೀಗೆ ಹುಳುಕು ತೆಗೆಯಬಾರದು, ಅದೂ ಮಠದಲ್ಲಿ” ಎಂದು ಹೇಳಿ ಮಂಗಳಕ್ಕೆ ಕೈಮುಗಿದರು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಶರಣ ಬಂಧುಗಳ ಮುಂದೆ ಇಡುತ್ತಿದ್ದೇನೆ. ಚಿತ್ರದ ಹೆಸರು, ತೆಗೆದವರ ಹೆಸರು ಹೇಳುವುದಿಲ್ಲ. ಇದು ಒಂದು ಚಿತ್ರದ ದೋಷವಲ್ಲ. ನಮ್ಮ ನಾಯಕರ ಕಥೆಗಳನ್ನು ನಾವು ಹೇಳಿಕೊಳ್ಳುವ ರೀತಿಯ ದೋಷ.

ಮೊದಲು ಸಲ್ಲಬೇಕಾದ್ದನ್ನು ಸಲ್ಲಿಸೋಣ. ತಿಲಕರು ದೊಡ್ಡವರು, ಅದರಲ್ಲಿ ನನಗೆ ಅನುಮಾನವಿಲ್ಲ. 1881ರಲ್ಲಿ ‘ಕೇಸರಿ’, ‘ಮರಾಠಾ’ ಪತ್ರಿಕೆಗಳನ್ನು ಕಟ್ಟಿದ ಬಳಗದಲ್ಲಿ ಅವರಿದ್ದರು. 1897ರಲ್ಲಿ ರಾಜದ್ರೋಹದ ಆರೋಪದ ಮೇಲೆ ಹದಿನೆಂಟು ತಿಂಗಳ ಶಿಕ್ಷೆಯಾಯಿತು. 1908ರಲ್ಲಿ ಆರು ವರ್ಷಗಳ ಗಡಿಪಾರು. ಆಗ ಮುಂಬಯಿಯ ಗಿರಣಿ ಕಾರ್ಮಿಕರು ಆರು ದಿನ ಕೆಲಸ ನಿಲ್ಲಿಸಿ ಬೀದಿಗಿಳಿದರು. ಅವರು ಮಂಡಾಲೆಯಲ್ಲಿದ್ದಾಗಲೇ, 1912ರಲ್ಲಿ, ಮಡದಿ ಸತ್ಯಭಾಮಾಬಾಯಿ ತೀರಿಹೋದರು. ಆ ಸೆರೆಯಲ್ಲೇ ಬರೆದ ‘ಗೀತಾರಹಸ್ಯ’ 1915ರಲ್ಲಿ ಪ್ರಕಟವಾಯಿತು. ಮರುವರ್ಷ ಏಪ್ರಿಲ್‌ನಲ್ಲಿ ಅವರು ಹೋಮ್ ರೂಲ್ ಲೀಗ್ ಸ್ಥಾಪಿಸಿದ್ದು ನಮ್ಮ ಬೆಳಗಾವಿಯಲ್ಲೇ. ಅರ್ಜಿ ಹಿಡಿದು ಸರಕಾರದ ಬಾಗಿಲಲ್ಲಿ ನಿಲ್ಲುತ್ತಿದ್ದ ರಾಜಕಾರಣವನ್ನು ಸಂತೆಗೆ, ಬೀದಿಗೆ ತಂದವರು ಅವರು. ಸ್ವರಾಜ್ಯ ಜನ್ಮಸಿದ್ಧ ಹಕ್ಕು ಎಂಬ ಘೋಷಣೆ ಇಂದಿಗೂ ಮೈ ಝುಂ ಎನ್ನಿಸುತ್ತದೆ. ಇದನ್ನೆಲ್ಲ ಚಿತ್ರ ಚೆನ್ನಾಗಿ ತೋರಿಸಿದೆ.

ಆದರೆ ಯಾರ ಜನ್ಮ, ಯಾರ ಹಕ್ಕು? ಆ ಪ್ರಶ್ನೆ ಬರುವ ಜಾಗದಲ್ಲೆಲ್ಲ ಚಿತ್ರ ಮೌನವಾಗಿದೆ.

1891ರಲ್ಲಿ ಸಮ್ಮತಿ ವಯಸ್ಸಿನ ಕಾಯಿದೆ ಬಂತು. ಹೆಣ್ಣುಮಗುವಿನ ವಿಷಯದಲ್ಲಿ ಕಾನೂನು ನಿಗದಿ ಮಾಡಿದ್ದ ವಯಸ್ಸು ಹತ್ತು. ಅದನ್ನು ಹನ್ನೆರಡಕ್ಕೆ ಏರಿಸುವುದಷ್ಟೇ ಆ ಕಾಯಿದೆಯ ಉದ್ದೇಶ. ಪರಸರಕಾರ ನಮ್ಮ ಧರ್ಮದಲ್ಲಿ ಕೈಹಾಕಬಾರದೆಂದು ತಿಲಕರು ಅದನ್ನು ವಿರೋಧಿಸಿದರು. 1895ರಲ್ಲಿ ಕಾಂಗ್ರೆಸ್ ಅಧಿವೇಶನ ಪುಣೆಗೆ ಬಂತು. ಅಲ್ಲಿಯವರೆಗೆ ಅಧಿವೇಶನ ಮುಗಿದ ಮೇಲೆ ಅದೇ ಚಪ್ಪರದಲ್ಲಿ ಸಮಾಜ ಸುಧಾರಣೆಯ ಪರಿಷತ್ತು ನಡೆಯುವ ರೂಢಿಯಿತ್ತು. ತಿಲಕರ ಪಕ್ಷದ ವಿರೋಧದಿಂದ ಆ ರೂಢಿ ಪುಣೆಯಲ್ಲಿ ಮುರಿಯಿತು. ಮುಂದೆ ಕೊಲ್ಹಾಪುರದ ಶಾಹೂ ಮಹಾರಾಜರು ತಮ್ಮ ಮನೆಯ ವಿಧಿಗಳು ವೇದಮಂತ್ರದಿಂದ ನಡೆಯಲಿ ಎಂದಾಗ ಪುರೋಹಿತರು ಒಪ್ಪಲಿಲ್ಲ. ಶೂದ್ರರಿಗೆ ಪುರಾಣಮಂತ್ರವೇ ಸಾಕು ಎಂದರು. ಆ ವೇದೋಕ್ತ ವಾದದಲ್ಲಿ ‘ಕೇಸರಿ’ ಮಹಾರಾಜರ ಪರ ನಿಲ್ಲಲಿಲ್ಲ. ಯಾರಿಗೆ ಯಾವ ಮಂತ್ರ ಎಂಬ ಜಗಳದಿಂದಲೇ ಹೊರಬಂದು ಎಲ್ಲರ ಅಂಗೈಗೂ ಇಷ್ಟಲಿಂಗ ಕೊಟ್ಟ ಬಸವಣ್ಣನವರ ಮಕ್ಕಳಿಗೆ ಈ ಪ್ರಸಂಗ ಗೊತ್ತಿರಬೇಡವೆ?

1918ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ಅಸ್ಪೃಶ್ಯತಾ ನಿವಾರಣೆಯ ದೊಡ್ಡ ಪರಿಷತ್ತು ನಡೆಯಿತು. ದೇವರೇ ಅಸ್ಪೃಶ್ಯತೆಯನ್ನು ಒಪ್ಪಿದರೆ ಆತನನ್ನು ದೇವರೆನ್ನಲಾರೆ ಎಂಬ ಅರ್ಥದ ಮಾತನ್ನು ತಿಲಕರು ಅಲ್ಲಿ ಆಡಿದರು. ಅದು ನಿಜವಾಗಿಯೂ ದೊಡ್ಡ ಮಾತು. ಚಿತ್ರದಲ್ಲಿ ಅದು ಇದೆ, ತಂಬೂರಿಯ ಶ್ರುತಿಯೊಂದಿಗೆ ಇದೆ. ಆದರೆ ಅಸ್ಪೃಶ್ಯತೆಯನ್ನು ನಾನು ಸ್ವತಃ ಆಚರಿಸುವುದಿಲ್ಲ ಎಂಬ ಪ್ರತಿಜ್ಞಾಪತ್ರಕ್ಕೆ ಅವರು ಸಹಿ ಹಾಕಲಿಲ್ಲ. ಅದು ಚಿತ್ರದಲ್ಲಿ ಇಲ್ಲ. ನುಡಿ ಉಳಿಯಿತು, ನಡೆ ಬಿಟ್ಟುಹೋಯಿತು. ನುಡಿ ಮತ್ತು ನಡೆ ಒಂದಾಗಬೇಕು ಎಂಬುದನ್ನೇ ಧರ್ಮವೆಂದು ತಿಳಿದ ನಾವು ಇದಕ್ಕೆ ಹೇಗೆ ಚಪ್ಪಾಳೆ ತಟ್ಟುವುದು?

ಇನ್ನು ಸೋಲಾಪುರಕ್ಕೆ ಬರೋಣ.

1917ರ ಆಗಸ್ಟಿನಲ್ಲಿ ಬ್ರಿಟಿಷ್ ಸರಕಾರ ಭಾರತಕ್ಕೆ ಹಂತಹಂತವಾಗಿ ಜವಾಬ್ದಾರಿ ಸರಕಾರ ಕೊಡುವ ಮಾತು ಹೊರಡಿಸಿತು. ಹೊಸ ಶಾಸನಸಭೆಗಳಲ್ಲಿ ಯಾರು ಕೂಡಬೇಕು ಎಂಬ ಚರ್ಚೆ ಎದ್ದಿತು. ಮುಂಬಯಿ ಪ್ರಾಂತದಲ್ಲಿ ಬ್ರಾಹ್ಮಣೇತರರು ತಮಗೂ ಪ್ರತ್ಯೇಕ ಪ್ರಾತಿನಿಧ್ಯ ಬೇಕೆಂದು ಕೇಳಿದರು. ಅವರಲ್ಲಿ ಲಿಂಗಾಯತರೂ ಇದ್ದರು. ಆ ಹೊತ್ತಿನಲ್ಲಿ, 1918ರಲ್ಲಿ, ಸೋಲಾಪುರದ ಸಾರ್ವಜನಿಕ ಸಭೆಯಲ್ಲಿ ತಿಲಕರು ಏನು ಹೇಳಿದರೆಂಬುದನ್ನು ಬಾಬಾಸಾಹೇಬ ಅಂಬೇಡ್ಕರರು 1945ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಗಾಣಿಗರು, ತಂಬಾಕು ಮಾರುವವರು, ಅಗಸರು ಮುಂತಾದವರು ಶಾಸನಸಭೆಗೆ ಹೋಗಬೇಕೆನ್ನುವುದು ಏಕೋ ತಮಗೆ ತಿಳಿಯದು ಎಂದರಂತೆ ತಿಲಕರು. ಕಾನೂನು ಪಾಲಿಸುವುದು ಅವರ ಕೆಲಸ, ಕಾನೂನು ಮಾಡುವ ಅಧಿಕಾರಕ್ಕೆ ಆಸೆಪಡುವುದಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತೆಂದು ಅಂಬೇಡ್ಕರರು ಬರೆಯುತ್ತಾರೆ.

ಇದೇ ತಿಲಕರು 1916ರ ಲಖನೌ ಅಧಿವೇಶನದಲ್ಲಿ ಮುಸ್ಲಿಮರೊಂದಿಗೆ ಆದ ಒಪ್ಪಂದವನ್ನು ಸಮರ್ಥಿಸುತ್ತ, ಸ್ವರಾಜ್ಯದ ಹಕ್ಕನ್ನು ಮುಸ್ಲಿಮರಿಗಷ್ಟೇ ಕೊಟ್ಟರೂ ಸರಿ, ರಜಪೂತರಿಗಷ್ಟೇ ಕೊಟ್ಟರೂ ಸರಿ, ಹಿಂದೂಗಳಲ್ಲಿ ಅತ್ಯಂತ ಕೆಳಗಿನವರಿಗೆ ಕೊಟ್ಟರೂ ತಮಗೆ ಬೇಸರವಿಲ್ಲ ಎಂದು ಸಾರಿದ್ದರು. ಎರಡು ವರ್ಷ ಕಳೆಯಿತು. ಕೆಳಗಿನವರು ತಾವಾಗಿಯೇ ಎದ್ದು “ನಮ್ಮ ಪಾಲು ಕೊಡಿ” ಎಂದರು. ಆಗ ಗಾಣಿಗನ ಗಾಣ, ಅಗಸನ ಬಂಡೆ ನೆನಪಾಯಿತು. ಕೊಡುವ ಮಾತು ವೇದಿಕೆಯಲ್ಲಿ ನಿಂತಿರುವಾಗ ಸುಲಭ. ಕೇಳುವವನು ಬಾಗಿಲಿಗೆ ಬಂದು ನಿಂತಾಗಲೇ ಪರೀಕ್ಷೆ.

ಆ ಮಾತು ಆಡಿದ ಊರು ಯಾವುದು ನೋಡಿ. ಸೋಲಾಪುರ, ನಮ್ಮ ಸೊನ್ನಲಿಗೆ. ಕೆರೆ ಕಟ್ಟಿ, ಕಾಯಕ ಮಾಡಿ, ಅಲ್ಲಮಪ್ರಭುಗಳ ಜೊತೆ ಕಲ್ಯಾಣಕ್ಕೆ ಬಂದ ಕರ್ಮಯೋಗಿ ಸಿದ್ಧರಾಮೇಶ್ವರರ ನೆಲ. ಆ ನೆಲದ ಮೇಲೆ ನಿಂತು ಗಾಣಿಗನಿಗೆ, ತಂಬಾಕಿನವನಿಗೆ, ಅಗಸನಿಗೆ ಸಭೆ ಏಕೆ ಎಂದು ಕೇಳಿದ ಮಾತಿಗೆ ಉತ್ತರ ಏಳೆಂಟು ನೂರು ವರ್ಷ ಮೊದಲೇ ಕೊಟ್ಟಾಗಿತ್ತು.

ಒಂದೊಂದಾಗಿ ಎಣಿಸಿರಿ. ಗಾಣಿಗನೆ? ಕಲ್ಯಾಣದ ವಚನಕಾರರ ಸಾಲಿನಲ್ಲಿ ಗಾಣದ ಕಣ್ಣಪ್ಪನವರಿದ್ದಾರೆ. ಎಲೆ-ಅಡಿಕೆಯವನೆ? ಹಡಪ ಎಂದರೆ ಎಲೆ-ಅಡಿಕೆಯ ಚೀಲ. ಅದನ್ನು ಹಿಡಿದ ಅಪ್ಪಣ್ಣನವರು ಬಸವಣ್ಣನವರ ಅತ್ಯಂತ ಹತ್ತಿರದ ಶರಣರು. ಮಹಾಮನೆಗೆ ಬಂದವರು ಅವರನ್ನು ಕಾಣದೆ ಮುಂದೆ ಹೋಗುತ್ತಿರಲಿಲ್ಲ. ಅವರ ಮಡದಿ ಲಿಂಗಮ್ಮನವರೂ ವಚನ ಬರೆದರು. ಅಗಸನೆ? ಮಡಿವಾಳ ಮಾಚಿದೇವರು ಶರಣರ ಬಟ್ಟೆಯನ್ನಷ್ಟೇ ಒಗೆಯಲಿಲ್ಲ, ಬಸವಣ್ಣನವರ ಮನಸ್ಸಿನಲ್ಲಿ ಅಹಂಕಾರದ ಕಲೆ ಕಂಡಾಗ ಅದನ್ನೂ ಒಗೆದರು. ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಒಕ್ಕಲಿಗ ಮುದ್ದಣ್ಣ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ, ಎಷ್ಟು ಜನರನ್ನು ಹೇಳಲಿ? ಅನುಭವ ಮಂಟಪದ ಶೂನ್ಯ ಪೀಠದಲ್ಲಿ ಕುಳಿತ ಅಲ್ಲಮರ ಕೈಯಲ್ಲಿ ಮೊದಲು ಇದ್ದದ್ದು ಮದ್ದಳೆ. ಅಂಬೇಡ್ಕರರು ಎತ್ತಿ ಹೇಳಿದ ಆ ಮೂರು ಕಸುಬುಗಳಲ್ಲಿ ಒಂದೂ ನಮ್ಮ ಮಂಟಪದಿಂದ ಹೊರಗಿರಲಿಲ್ಲ. ಅವರು ಬರೀ ಕೇಳಲು ಬಂದವರಲ್ಲ. ನುಡಿದರು, ವಾದಿಸಿದರು, ನಾಳಿನ ಬದುಕಿಗೆ ಕಟ್ಟಳೆ ಹಾಕಿದರು. ಕಾನೂನು ಮಾಡುವುದೆಂದರೆ ಇದಲ್ಲದೆ ಮತ್ತೇನು?

‘ಗೀತಾರಹಸ್ಯ’ದ ಕರ್ಮಯೋಗವನ್ನು ಚಿತ್ರ ಬಹಳ ಹೊತ್ತು ಕೊಂಡಾಡುತ್ತದೆ. ಸೋಮಾರಿತನದಿಂದ ಜನರನ್ನು ಎಬ್ಬಿಸಿದ ಗ್ರಂಥವದು, ಒಪ್ಪೋಣ. ಆದರೆ ಕರ್ಮವನ್ನು ಹುಟ್ಟಿನ ಧರ್ಮಕ್ಕೆ ಕಟ್ಟಿಹಾಕಿದರೆ ಗಾಣಿಗ ಗಾಣದಲ್ಲೇ ಸುತ್ತುತ್ತಾನೆ, ಅವನ ಎತ್ತಿನ ಹಾಗೆ. ಶರಣರ ಕಾಯಕ ಬೇರೆ. ಗಾಣ ಸುತ್ತಿದ ಕೈಯೇ ಸಭೆಯಲ್ಲಿ ಮಾತಿಗೂ ಏಳುತ್ತದೆ. ಕಸುಬು ಯಾವುದೇ ಇರಲಿ, ಪೀಠಕ್ಕೆ ಅದು ಅಡ್ಡಿಯಲ್ಲ. ಈ ಎರಡರ ವ್ಯತ್ಯಾಸವನ್ನು ಮಠದ ಹುಡುಗರಿಗೆ ನಾವೇ ಹೇಳದಿದ್ದರೆ ಮತ್ತಾರು ಹೇಳುವರು?

ಇಲ್ಲಿಗೆ ಬಂದಾಗ ಕೆಲವರು ಅನ್ನುತ್ತಾರೆ: “ಆ ಕಾಲವೇ ಹಾಗಿತ್ತು. ಇಂದಿನ ಕಣ್ಣಿನಿಂದ ಅಂದಿನವರನ್ನು ನೋಡಬಾರದು.” ಅಂದಿನ ಕಣ್ಣುಗಳನ್ನೇ ಕರೆಯೋಣ. ಜೋತಿಬಾ ಫುಲೆಯವರು ಸತ್ಯಶೋಧಕ ಸಮಾಜ ಕಟ್ಟಿದ್ದು 1873ರಲ್ಲಿ, ತಿಲಕರು ಇನ್ನೂ ವಿದ್ಯಾರ್ಥಿಯಾಗಿದ್ದಾಗ. ಅವರ ಸಹಪಾಠಿ, ‘ಕೇಸರಿ’ಯ ಮೊದಲ ಸಂಪಾದಕ ಗೋಪಾಳ ಗಣೇಶ ಆಗರಕರರು ಸುಧಾರಣೆಯ ಪ್ರಶ್ನೆಯ ಮೇಲೆಯೇ ಬೇರೆಯಾಗಿ ‘ಸುಧಾರಕ’ ಪತ್ರಿಕೆ ತೆಗೆದರು. ಶಾಹೂ ಮಹಾರಾಜರು 1902ರಲ್ಲೇ ತಮ್ಮ ಸಂಸ್ಥಾನದ ಹುದ್ದೆಗಳಲ್ಲಿ ಅರ್ಧದಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟರು. ತಿಲಕರು ಹೋಮ್ ರೂಲ್ ಲೀಗ್ ಸ್ಥಾಪಿಸಿದ ಅದೇ ಬೆಳಗಾವಿಯಲ್ಲಿ, ಅದೇ 1916ರ ನವೆಂಬರಿನಲ್ಲಿ, ನಮ್ಮ ಸಪ್ತರ್ಷಿಗಳು ಕೆ.ಎಲ್.ಇ. ಸಂಸ್ಥೆಯ ಬೀಜ ಬಿತ್ತಿದರು. ಸ್ವರಾಜ್ಯ ಬರುವವರೆಗೆ ಅಕ್ಷರ ಕಾಯಲಿ ಎಂದು ಅವರು ಹೇಳಲಿಲ್ಲ. ಹಾಗಾದರೆ ಕಾಲ ಹಾಗಿರಲಿಲ್ಲ. ಕಾಲದಲ್ಲಿ ಎರಡು ದಾರಿಗಳಿದ್ದವು, ತಿಲಕರು ಒಂದನ್ನು ಆರಿಸಿಕೊಂಡರು.

ಇನ್ನೊಂದು ವಾದ: “ಮೊದಲು ಪರಕೀಯರು ಹೋಗಲಿ, ಮನೆಯ ಕಸ ಆಮೇಲೆ ಗುಡಿಸೋಣ.” ಇದರಲ್ಲೂ ತಿರುಳಿದೆ, ಸಮ್ಮತಿ ವಯಸ್ಸಿನ ಕಾಯಿದೆಯ ಮಟ್ಟಿಗಾದರೂ ಈ ವಾದ ಮಾಡಬಹುದು. ಆದರೆ ಸೋಲಾಪುರದಲ್ಲಿ ಇದ್ದದ್ದು ಪರಕೀಯರ ಕಾಯಿದೆಯ ಪ್ರಶ್ನೆಯಲ್ಲ. ಬರಲಿರುವ ಮನೆಯಲ್ಲಿ ಯಾರಿಗೆ ಪಡಸಾಲೆ, ಯಾರಿಗೆ ಹಿತ್ತಲು ಎಂಬ ಪ್ರಶ್ನೆ. ಆ ಹೊತ್ತಿಗೆ ಕೇಳದಿದ್ದರೆ ಇನ್ನಾವಾಗ ಕೇಳಬೇಕಿತ್ತು?

ಮೂರನೆಯ ವಾದ ನನ್ನನ್ನು ಗೋಷ್ಠಿಯಲ್ಲಿ ಕೂಡಿಸಿದ ವಾದ: ದೊಡ್ಡವರ ಹುಳುಕು ತೆಗೆಯಬಾರದು. ಇದಕ್ಕೆ ಉತ್ತರ ಸತ್ಯಶೋಧಕರ ನಡೆಯಲ್ಲಿದೆ. 1882ರಲ್ಲಿ ಕೊಲ್ಹಾಪುರದ ಮಾನಹಾನಿ ಪ್ರಕರಣದಲ್ಲಿ ತಿಲಕ-ಆಗರಕರರು ಮುಂಬಯಿಯ ಡೋಂಗ್ರಿ ಸೆರೆಮನೆ ಸೇರಿ ಹೊರಬಂದಾಗ ಅವರನ್ನು ಆದರದಿಂದ ಎದುರುಗೊಂಡವರಲ್ಲಿ ಸತ್ಯಶೋಧಕ ಬಳಗದವರೂ ಇದ್ದರು. ಧೈರ್ಯಕ್ಕೆ ಹಾರ ಹಾಕಿದರು, ಆದರೆ ಜಾತಿಯ ವಿಷಯದಲ್ಲಿ ತಮ್ಮ ಮಾತು ಬಿಡಲಿಲ್ಲ. ಗೌರವಿಸುವುದು ಬೇರೆ, ಬಾಯಿ ಹೊಲಿದುಕೊಳ್ಳುವುದು ಬೇರೆ. ಮಾಚಿದೇವರು ಬಸವಣ್ಣನವರನ್ನೇ ಪ್ರಶ್ನಿಸಿದರು. ಗಂಡ ಮಾರಯ್ಯ ಹೆಚ್ಚಿಗೆ ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಮರಳಿ ಸುರಿದು ಬಾ ಎಂದಳು. ಆ ಪರಂಪರೆಯ ಮಠದಲ್ಲಿ ಪ್ರಶ್ನೆ ಕೇಳಬಾರದೆಂದರೆ ಇನ್ನೆಲ್ಲಿ ಕೇಳಬೇಕು?

ನಮ್ಮ ಹರ್ಡೇಕರ ಮಂಜಪ್ಪನವರನ್ನು ನೆನೆಯಿರಿ. 1886ರಲ್ಲಿ ಬನವಾಸಿಯಲ್ಲಿ ಹುಟ್ಟಿದ ಈ ಬಡ ಮಾಸ್ತರರು ತಿಲಕರ ಸ್ವದೇಶಿ ಕರೆಗೆ ಓಗೊಟ್ಟು ನೌಕರಿ ಬಿಟ್ಟರು. 1906ರಲ್ಲಿ ದಾವಣಗೆರೆಯಲ್ಲಿ ‘ಧನುರ್ಧಾರಿ’ ಪತ್ರಿಕೆ ಹೊರಡಿಸಿದರು. ತಿಲಕರು ಗಣೇಶೋತ್ಸವವನ್ನು ಬೀದಿಗೆ ತಂದಿದ್ದರು, ಜನರನ್ನು ಕೂಡಿಸುವ ಆ ಬಗೆಯನ್ನು ನಾಡೇ ಕಂಡಿತ್ತು. 1913ರಲ್ಲಿ ದಾವಣಗೆರೆಯ ವಿರಕ್ತಮಠದಲ್ಲಿ ಮೃತ್ಯುಂಜಯ ಅಪ್ಪಗಳ ಆಶ್ರಯದಲ್ಲಿ ಮಂಜಪ್ಪನವರು ಜನರನ್ನು ಕೂಡಿಸಿದರು. ಆದರೆ ನಡುವೆ ಇಟ್ಟದ್ದು ಬಸವಣ್ಣನವರನ್ನು. ಇಂದು ಊರೂರಲ್ಲಿ ನಡೆಯುವ ಬಸವ ಜಯಂತಿಯ ಬೇರು ಅದು. ತಿಲಕರಿಂದ ದೇಶಪ್ರೇಮ ಕಲಿತವರು ಜಾತಿಯ ವಿಷಯದಲ್ಲಿ ಅವರನ್ನು ಗುರುವಾಗಿ ಮಾಡಿಕೊಳ್ಳಬೇಕಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇಷ್ಟನ್ನೇ ಬರೆದು ಮುಗಿಸಿದ್ದರೆ ನನಗೆ ಹಾಯೆನಿಸುತ್ತಿತ್ತು. ಪುಣೆಯ ಕಡೆ ಬೆರಳು ತೋರಿಸುವುದು ನಮಗೆ ಯಾವಾಗಲೂ ಹಿತ. ಆದರೆ ಆ ರಾತ್ರಿ ಪ್ರಸಾದಕ್ಕೆ ಕುಳಿತಾಗ ಸೋಲಾಪುರದ ಕಥೆಯನ್ನೆಲ್ಲ ನಾನು ಆ ಗಾಣಿಗ ಹಿರಿಯರಿಗೆ ಹೇಳಿದೆ. ಅವರು ರೊಟ್ಟಿ ಮುರಿಯುತ್ತ ಪೂರ್ತಿ ಕೇಳಿದರು. ಆಮೇಲೆ ಅಂದರು: “ಅವರು ನೂರು ವರ್ಷದ ಹಿಂದ ಅಂದ್ರು, ಬಿಡ್ರಿ. ನಮ್ಮ ಈ ಮಠದ ಕಮಿಟಿಯೊಳಗ ಗಾಣಿಗರು ಯಾರದಾರ್ರಿ? ಹಡಪದವರು? ಮಡಿವಾಳರು?”

ನಾನು ನೆನಪು ಮಾಡಿಕೊಂಡೆ. ಒಬ್ಬರೂ ಇರಲಿಲ್ಲ. ಹಡಪದ ಮನೆಯವರು ಜಾತ್ರೆಯ ದಿನ ಕೆಲಸಕ್ಕೆ ಬರುತ್ತಾರೆ. ಮಡಿವಾಳರು ನಡೆಮಡಿ ಹಾಸಲು ಬರುತ್ತಾರೆ. ಲೆಕ್ಕಪತ್ರದ ಸಭೆಗೆ, ಶಾಲೆಯ ನೇಮಕಾತಿಯ ಸಭೆಗೆ, ಜಮೀನಿನ ಮಾತುಕತೆಗೆ ಬರುವವರು ಬೇರೆ. ಅವರ ಮನೆತನಗಳು ಎರಡು ತಲೆಮಾರಿನಿಂದ ಬದಲಾಗಿಲ್ಲ. ಮಾಚಿದೇವರ ಜಯಂತಿಗೆ ಹೂವು ಏರಿಸುತ್ತೇವೆ, ಅಪ್ಪಣ್ಣನವರ ಭಾವಚಿತ್ರಕ್ಕೆ ವಿಭೂತಿ ಹಚ್ಚುತ್ತೇವೆ. ಅವರ ಕಸುಬಿನ ಹೆಸರು ಹೊತ್ತವರ ಮನೆಗೆ ಹೆಣ್ಣು ಕೊಡುವ ಮಾತು ಬಂದರೆ ಒಳಪಂಗಡ ಕೇಳುತ್ತೇವೆ. “ಅವರಿಗೇಕೆ ಕಮಿಟಿ? ಸೇವೆ ಮಾಡಿಕೊಂಡಿದ್ದರೆ ಸಾಕಲ್ಲ” ಎಂದು ನಮ್ಮವರೇ ಅಂದದ್ದನ್ನು ನಾನು ಈ ಕಿವಿಯಿಂದಲೇ ಕೇಳಿದ್ದೇನೆ. ಸೋಲಾಪುರದ ಮಾತಿಗೂ ಇದಕ್ಕೂ ಏನು ಭೇದ? ಅಲ್ಲಿ ಶಾಸನಸಭೆ, ಇಲ್ಲಿ ಮಠದ ಸಭೆ. ಅವರು ಹೊರಗಿನವರು, ಕಲ್ಯಾಣವನ್ನು ಅರಿಯದವರು ಎಂದಾದರೂ ಹೇಳಬಹುದು. ಕಲ್ಯಾಣದ ಹೆಸರಿನಲ್ಲೇ ಉಣ್ಣುವ ನಮಗೆ ಆ ನೆಪವೂ ಇಲ್ಲ.

ನಮ್ಮ ನಾಯಕರ, ನಮ್ಮ ಪೂಜ್ಯರ ಮೇಲೆ ನಾವು ತೆಗೆಸುವ ಚಿತ್ರಗಳೂ ಇದೇ ಅಚ್ಚಿನವು. ಕಟ್ಟಿದ ಶಾಲೆಗಳ ಎಣಿಕೆ ಇರುತ್ತದೆ, ಬಾಗಿಲಲ್ಲೇ ನಿಂತವರ ಎಣಿಕೆ ಇರುವುದಿಲ್ಲ. ಹಾಗಿರುವಾಗ ತಿಲಕರ ಚಿತ್ರದ ಮೌನ ನಮಗೆ ಕೇಳಿಸದೆ ಹೋದದ್ದು ಆಶ್ಚರ್ಯವಲ್ಲ. ಅದು ನಮಗೆ ರೂಢಿಯಾದ ಮೌನ.

ಆದ್ದರಿಂದ ನನ್ನ ಬೇಡಿಕೆ ಚಿತ್ರವನ್ನು ನಿಲ್ಲಿಸಿರಿ ಎಂಬುದಲ್ಲ. ಮಠಗಳಲ್ಲಿ ಅದನ್ನು ತೋರಿಸಿರಿ. ಮಂಡಾಲೆಯ ದೃಶ್ಯಕ್ಕೆ ಹುಡುಗರು ಕಣ್ಣೀರಿಡಲಿ. ಚಿತ್ರ ಮುಗಿದ ಮೇಲೆ ದೀಪ ಹಾಕಿ ಅರ್ಧ ತಾಸು ಸೋಲಾಪುರದ ಮಾತನ್ನೂ ಓದಿಸಿರಿ, ಅಂಬೇಡ್ಕರರ ಪುಟವನ್ನು ಪ್ರಸಾದ ನಿಲಯದ ಹುಡುಗನೊಬ್ಬನ ಕೈಗೆ ಕೊಟ್ಟು ಓದಿಸಿರಿ. ಆಮೇಲೆ ಗಾಣದ ಕಣ್ಣಪ್ಪ, ಹಡಪದ ಅಪ್ಪಣ್ಣ, ಮಡಿವಾಳ ಮಾಚಿದೇವರು ಕಲ್ಯಾಣದಲ್ಲಿ ಎಲ್ಲಿ ಕುಳಿತಿದ್ದರೆಂದು ಕೇಳಿರಿ. ಹುಡುಗರು ಉತ್ತರ ಹೇಳುತ್ತಾರೆ. ಅವರಿಗೆ ಗೊತ್ತು.

ಅದಕ್ಕೂ ಮೊದಲು ಒಂದು ಕೆಲಸ. ಈ ಸಂಚಿಕೆ ತಲುಪುವ ಪ್ರತಿ ಮಠದ ಆಡಳಿತ ಮಂಡಳಿಯವರು ಮುಂದಿನ ಸಭೆಯಲ್ಲಿ ತಮ್ಮ ಸದಸ್ಯರ ಪಟ್ಟಿಯನ್ನು ಗಟ್ಟಿಯಾಗಿ ಓದಲಿ. ಆ ಮೂರು ಕಸುಬಿನವರಲ್ಲಿ ಯಾರೂ ಇಲ್ಲವಾದರೆ ಮೂರು ಕುರ್ಚಿ ಖಾಲಿ ಮಾಡಲಿ. ನೀರು ಕೊಡುವುದಕ್ಕೋ ನಡೆಮಡಿ ಹಾಸುವುದಕ್ಕೋ ಅಲ್ಲ, ಲೆಕ್ಕ ಕೇಳುವುದಕ್ಕೆ, ಕೈ ಎತ್ತುವುದಕ್ಕೆ. ಅದಾದ ಮೇಲೆ ನಾವು ತಿಲಕರನ್ನು ಪ್ರಶ್ನಿಸೋಣ. ಅಲ್ಲಿಯವರೆಗೆ ಆ ಗಾಣಿಗ ಹಿರಿಯರ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ತಮ್ಮಲ್ಲಿದ್ದರೆ ದಯವಿಟ್ಟು ಬರೆಯಿರಿ, ನಾನೇ ಅವರ ಮನೆಗೆ ಹೋಗಿ ಓದಿ ಹೇಳುತ್ತೇನೆ.